ಬಂಗ್ಲೆ ಮನೆತನದವರು

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕುಳಿತು ಎದ್ದುಹೋಗಿದ್ದೇನೆ. ಈಗ ಮುಂದೂಡುವುದಕ್ಕೂ ಸುಸ್ತಾಗುತ್ತದೆ.

ಹಾಸನದಲ್ಲಿ ನಮ್ಮನ್ನು ಬಂಗ್ಲೆಯವರು ಎನ್ನುತ್ತಾರೆ. ನನ್ನ ಹೆಸರಿನ ಮುಂದಿರುವ ‘ಬಿ’ ಅದೇ. ಬ್ರಿಟಿಷರ ಕಾಲದಲ್ಲಿ ಮುತ್ತಜ್ಜ ಹೊಳೆನರಸೀಪುರದಲ್ಲಿ ಬಂಗ್ಲೆ ಕಟ್ಟಿಸಿದ್ದರು ಎಂದು ಅಪ್ಪ ಹೇಳುತ್ತಿದ್ದರು. ನಾನೂ ಕಂಡಕಂಡವರಿಗೆ ಹೇಳುತ್ತಿದ್ದೆ.

ತೊಂಬತ್ತರ ದಶಕದಲ್ಲಿ ಮಗಳ ನಿಶ್ಚಿತಾರ್ಥವಾಯಿತು. ಚನ್ನರಾಯಪಟ್ಟಣದಿಂದ ಬಂದ ಬೀಗರು ಬಂಗ್ಲೆಯ ವಿಷಯ ಕೇಳಿದರು. ನಾನು ಶುರುಮಾಡುವಷ್ಟರಲ್ಲಿ, ಕೊಣನೂರಿನಿಂದ ಬಂದಿದ್ದ ಸೋದರತ್ತೆ ಎಲೆಅಡಿಕೆ ಮೆಲ್ಲುತ್ತಾ ನಕ್ಕರು.

“ಬಂಗ್ಲೆ ನಮ್ದೆಲ್ಲಿ ಬಂತ್ಲಾ? ನಮ್ ತಾತ ಅದ್ರ ಮೇಟಿ ಕಣ, ಬಂಗ್ಲೆ ನೋಡ್ಕೊಳೋ ಆಳು. ದೊರೆ ಬಂದ್ರೆ ಬಾಗ್ಲು ತೆಗ್ಯೋನು, ಕುದ್ರೆಗೆ ಉಳ್ಳಿ ಬೇಯಿಸೋನು. ಕುದ್ರೆ ಬಿಟ್ಟಿದ್ನ ನಾವ್ ಉಂಡಿದೀವಿ!”

ಬೀಗರೂ ನಕ್ಕರು. ಆ ನಗುವಿನಲ್ಲಿ ಕುಹಕವೇನೂ ಇರಲಿಲ್ಲ. ಆದರೂ ನನ್ನ ಮುಖ ಬಿಸಿಯಾಯಿತು. “ಅತ್ತೆಗೆ ಅರಳುಮರಳು. ಏನೇನೋ ಅಂತಾರೆ, ಮನಸ್ಸಿಗೆ ತಗೋಬೇಡಿ” ಎಂದೆ. ಅತ್ತೆ ಎಲೆಅಡಿಕೆ ಉಗಿಯಲು ಎದ್ದು ಹೊರಗೆ ಹೋದರು.

ಅತ್ತೆಗೆ ಅರಳುಮರಳು ಎಂಬ ನನ್ನ ಮಾತು ನೆಂಟರಲ್ಲೆಲ್ಲ ಹರಡಿತು. ಆಮೇಲೆ ಒಲೆಯ ಮೇಲೆ ಹಾಲು ಉಕ್ಕುತ್ತಿದೆ ಎಂದು ಅತ್ತೆ ಕೂಗಿದರೂ ಯಾರೂ ಎದ್ದು ನೋಡುತ್ತಿರಲಿಲ್ಲ.

ಬಂಗ್ಲೆಯ ಬಗ್ಗೆ ಅವರು ಹೇಳಿದ್ದನ್ನು ಸುಳ್ಳು ಮಾಡಬೇಕೆಂದೇ ಹಳೆಯ ದಾಖಲೆ ಹುಡುಕಲು ಹೊರಟೆ. ಅರಕಲಗೂಡಿನ ತಾಲ್ಲೂಕು ಕಚೇರಿಯಲ್ಲಿ ಏನೂ ಸಿಗಲಿಲ್ಲ. ಬಿಟ್ಟುಬಿಟ್ಟು ಕೆಲವು ವರ್ಷ ಅಲೆದೆ. ಎರಡು ಸಾವಿರದ ಇಸವಿ ದಾಟಿದ ಮೇಲೆ, ಹೊಳೆನರಸೀಪುರದ ಕಚೇರಿಯ ಒಂದು ಹಳೆಯ ದಾಖಲೆಯಲ್ಲಿ ಮುತ್ತಜ್ಜನ ಹೆಸರು, ಅವರ ತಂದೆಯ ಹೆಸರು, ಊರು ಎಲ್ಲವೂ ಸಿಕ್ಕವು. ಪಕ್ಕದಲ್ಲಿ ಎರಡೇ ಪದ: ಬಂಗ್ಲೆ ಮೇಟಿ. ಗುಮಾಸ್ತ “ಜೆರಾಕ್ಸ್ ಬೇಕಾ ಸಾ?” ಎಂದ. ಬೇಡ ಎಂದೆ.

ಅತ್ತೆಯ ಮಾತೇ ನಿಜ ಎಂದು ಹೇಳಿಬಿಡೋಣ ಎಂದುಕೊಂಡೇ ಕೊಣನೂರಿಗೆ ಹೋದೆ. ಅತ್ತೆ ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಪಕ್ಕದಲ್ಲಿ ಅವರ ಸೊಸೆ. ನಾನು ದಾಖಲೆ ಹುಡುಕುತ್ತಿದ್ದ ಸುದ್ದಿ ಅತ್ತೆಗೂ ತಲುಪಿತ್ತು.

“ಏನಾರ ಸಿಕ್ತೇನ್ಲಾ?”

ಸೊಸೆಯ ಮುಂದೆ ಬಾಯಿ ಬರಲಿಲ್ಲ. “ಇಲ್ಲ ಅತ್ತೆ. ನೀವಂದಂಗೆ ಎಲ್ಲೂ ಇಲ್ಲ” ಎಂದುಬಿಟ್ಟೆ.

ಅವರ ಕೈ ನಿಂತಿತು. “ಅಂಗಾರೆ ನಂಗೇ ಮರೆವು ಬಂದೈತೆ ಬುಡು. ತಾತನ ಕೈ ಇಡ್ಕೊಂಡು ಆ ಬಂಗ್ಲೆಗೆ ಓಗಿದ್ದೆ ಅನ್ಕೊಂಡಿದ್ದೆ.”

ಆಮೇಲೆ ತಮ್ಮ ಮಕ್ಕಳ ಹೆಸರು ಹೇಳುವಾಗಲೂ “ಸರಿನಾ?” ಎಂದು ಸೊಸೆಯನ್ನು ಕೇಳುತ್ತಿದ್ದರಂತೆ. ಆ ವರ್ಷವೇ ತೀರಿಕೊಂಡರು. ಅವರ ನೆನಪು ಸರಿಯಾಗಿಯೇ ಇತ್ತು. ಅದನ್ನು ಹೇಳಬಲ್ಲವನು ನಾನೊಬ್ಬನೇ ಇದ್ದೆ. ತಪ್ಪಾಯಿತು ಎಂದು ನಾನು ಹೇಳದೆ ಉಳಿದದ್ದು ಅವರಿಗೆ, ನನ್ನ ಅಪ್ಪನ ಅಕ್ಕನಿಗೆ.