ಅರವತ್ತಮೂರು ಕಾಯಿಗೆ ತಲೆಯಾಡಿಸಿದ್ದು

2023ರ ಜನವರಿ. ಬೆಂಗಳೂರಿನ ಒಂದು ಸಂಶೋಧನಾ ಕೇಂದ್ರದ ಫೋಟಾನಿಕ್ಸ್ ವಿಭಾಗದಲ್ಲಿ ನಾನು ಹಿರಿಯ ಎಂಜಿನಿಯರ್ ಆಗಿದ್ದೆ. ನಿವೃತ್ತಿಗೆ ಹದಿನಾಲ್ಕು ತಿಂಗಳು ಬಾಕಿ. ತಿಪಟೂರಿನಲ್ಲೊಂದು ಫೀಲ್ಡ್ ಟ್ರಯಲ್ ಇದೆ, ನಾಲ್ಕು ತಿಂಗಳು ಅಲ್ಲೇ ಇರಬೇಕು ಎಂದಾಗ ನಾನೇ ಮುಂದೆ ಬಿದ್ದು ಕೇಳಿ ಪಡೆದೆ. ಈ ವಯಸ್ಸಿನಲ್ಲೂ ಎಂಥ ಉತ್ಸಾಹ ಎಂದು ಎಲ್ಲರೂ ಮೆಚ್ಚಿದರು. ಉತ್ಸಾಹವೂ ಇಲ್ಲ, ಮಣ್ಣೂ ಇಲ್ಲ. ಎರಡು ವರ್ಷದಿಂದ ನನಗೆ ಕಿವಿ ಮಂದವಾಗುತ್ತಿತ್ತು. ಮೀಟಿಂಗಿನಲ್ಲಿ ಯಾರು ಏನು ಹೇಳಿದರೂ ತಲೆಯಾಡಿಸಿ ದಿನ ದೂಡುತ್ತಿದ್ದೆ. ಅಲ್ಲಿಂದ ಪಾರಾದರೆ ಸಾಕಿತ್ತು.

ಟ್ರಯಲ್ ಏನೆಂದು ಮೊದಲು ಹೇಳಿಬಿಡುತ್ತೇನೆ. ಮಾಮೂಲಿ ಕಂಪ್ಯೂಟರ್ ಚಿಪ್‌ನಲ್ಲಿ ಓಡುವುದು ವಿದ್ಯುತ್. ನಮ್ಮ ಚಿಪ್‌ನಲ್ಲಿ ಬೆಳಕು ಓಡುತ್ತದೆ. ಕೂದಲಿಗಿಂತ ಸಣ್ಣ ದಾರಿಗಳು, ಆ ದಾರಿಗಳ ಪಕ್ಕದಲ್ಲಿ ಮೈಕ್ರೋ ರಿಂಗ್ ಎಂಬ ಕಣ್ಣಿಗೆ ಕಾಣದಷ್ಟು ಪುಟ್ಟ ಉಂಗುರಗಳು. ಒಂದೊಂದು ಉಂಗುರವೂ ಒಂದಿಷ್ಟು ಬೆಳಕನ್ನು ಬಿಟ್ಟು, ಒಂದಿಷ್ಟನ್ನು ತಡೆಯುತ್ತದೆ. ಎಷ್ಟು ಬಿಡಬೇಕೆಂಬುದನ್ನು ಅದಕ್ಕೆ ಉದಾಹರಣೆ ತೋರಿಸಿ ಕಲಿಸುತ್ತೇವೆ. ನಾವು ಕಲಿತ ಹಾಗೆಲ್ಲ ಮಿದುಳಿನ ನರಕೋಶಗಳ ನಡುವಿನ ಕೊಂಡಿಗಳು ಬಿಗಿಯಾಗುತ್ತವೆ, ಸಡಿಲವಾಗುತ್ತವೆ. ಇದೂ ಅದೇ ಮಾದರಿ. ಇಂಥದ್ದಕ್ಕೆ ನ್ಯೂರೋಮಾರ್ಫಿಕ್ ಚಿಪ್ ಎನ್ನುತ್ತಾರೆ. ಕಲಿಸುವವನು ಸರಿ ಉತ್ತರ ಕೊಟ್ಟರೆ ಅದು ಸರಿ ಕಲಿಯುತ್ತದೆ, ತಪ್ಪು ಕೊಟ್ಟರೆ ತಪ್ಪನ್ನೂ ಅಷ್ಟೇ ಶ್ರದ್ಧೆಯಿಂದ ಕಲಿಯುತ್ತದೆ.

ಇದಕ್ಕೆ ಧೂಳು, ಸೆಖೆ ಇರುವ ಕಡೆ ಒಂದು ನಿಜವಾದ ಕೆಲಸ ಬೇಕಿತ್ತು. ಸಿಕ್ಕಿದ್ದು ಉಂಡೆ ಕೊಬ್ಬರಿ. ಬಲಿತ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿ ಹನ್ನೊಂದು ತಿಂಗಳು, ವರ್ಷ ಬಿಡುತ್ತಾರೆ. ಒಳಗಿನ ನೀರು ಬತ್ತಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗುತ್ತದೆ. ಆಗ ಕಾಯಿ ಅಲ್ಲಾಡಿಸಿದರೆ ಒಣ ಸದ್ದು ಬರುತ್ತದೆ. ಆಗ ಅಟ್ಟ ಬಿಚ್ಚಬೇಕು, ಅಂದರೆ ಕಾಯಿಗಳನ್ನೆಲ್ಲ ಇಳಿಸಿ ಒಡೆಯಬೇಕು. ಅವಸರಪಟ್ಟು ಒಡೆದರೆ ಹಸಿ ಕೊಬ್ಬರಿ ಚಿಪ್ಪಿಗೆ ಅಂಟಿಕೊಂಡು ಚೂರಾಗುತ್ತದೆ, ಬೂಸ್ಟು ಹಿಡಿಯುತ್ತದೆ. ಒಡೆದ ಕಾಯಿಯನ್ನು ಮತ್ತೆ ಅಟ್ಟಕ್ಕೆ ಏರಿಸಲಾಗದು. ನಮ್ಮ ಯಂತ್ರ ಕಾಯಿಯನ್ನು ಕುಲುಕುತ್ತಿತ್ತು, ಸಿಪ್ಪೆ ಸೀಳಿದ ಜಾಗದಲ್ಲಿ ಚಿಪ್ಪಿನ ನಡುಕವನ್ನು ಲೇಸರ್ ಓದುತ್ತಿತ್ತು, ಆ ಬೆಳಕು ನೇರ ಚಿಪ್‌ಗೆ ಹೋಗಿ ಆಗಿದೆ ಅಥವಾ ಆಗಿಲ್ಲ ಎಂಬ ತೀರ್ಪು ಬರುತ್ತಿತ್ತು.

ಯಂತ್ರ ಇಟ್ಟದ್ದು ದಂಡಿನಶಿವರದ ಶಿವಮ್ಮ ಎಂಬ ಬೆಳೆಗಾರ್ತಿಯ ಮನೆಯಲ್ಲಿ. ಐವತ್ತರ ಆಸುಪಾಸಿನ, ಮಾತು ಕಡಿಮೆಯ ಹೆಂಗಸು. ಆ ವರ್ಷದ ಅಟ್ಟವನ್ನು ಯಂತ್ರ ಹೇಳಿದ ದಿನವೇ ಬಿಚ್ಚುತ್ತೇನೆಂದು ಆಕೆ ಒಪ್ಪಿದ್ದರು. ಮಾಳಿಗೆ ತುಂಬ ಕಾಯಿ, ಒಂದು ವರ್ಷದ ಫಸಲು, ನಮ್ಮ ಮಾತಿನ ಮೇಲೆ. ಕಲಿಸಲು ನೆರವಾದವರು ಗಂಗಾಧರಪ್ಪ. ಎಪ್ಪತ್ತರ ಹತ್ತಿರದ ಮನುಷ್ಯ. ಸುತ್ತಿನ ಹಳ್ಳಿಗಳಲ್ಲಿ ಕಾಯಿ ಅಲ್ಲಾಡಿಸಿ ಕೇಳಿ, ಬಿಚ್ಚಿ ಅಥವಾ ಬಿಡಿ ಎಂದು ಹೇಳುವುದೇ ಅವರ ಕಸುಬು.

ನಾನು ಉಳಿದದ್ದು ತಿಪಟೂರಿನ ಸ್ಟೇಷನ್ ಹತ್ತಿರದ ಒಂದು ಕೋಣೆಯಲ್ಲಿ. ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು. ಹೋಟೆಲಿನಲ್ಲಿ ಗೋಡೆಗೆ ಮುಖ ಮಾಡಿ ಕೂರುತ್ತಿದ್ದೆ, ಎದುರು ಯಾರಾದರೂ ಕೂತು ಮಾತಿಗೆಳೆದರೆ ಕಷ್ಟವೆಂದು. ತಂಗಿ ಫೋನ್ ಮಾಡಿದರೆ ಎತ್ತದೆ, ಆಮೇಲೆ ಮೆಸೇಜ್ ಹಾಕುತ್ತಿದ್ದೆ. ಈ ಸಾಹೇಬರಿಗೆ ಜಂಬ ಎಂದು ಹೋಟೆಲಿನವರು ಅಂದುಕೊಂಡಿದ್ದರೆ ತಪ್ಪಲ್ಲ. ನನಗೆ ಚೆನ್ನಾಗಿ ಕೇಳಿಸುತ್ತಿದ್ದದ್ದು ರೈಲೊಂದೇ. ಸಂಜೆ ಪ್ಲಾಟ್‌ಫಾರಂ ಬೆಂಚಿನ ಮೇಲೆ ಅದಕ್ಕಾಗಿ ಕೂರುತ್ತಿದ್ದೆ. ಆ ನಾಲ್ಕು ತಿಂಗಳಷ್ಟು ಒಂಟಿಯಾಗಿ ನಾನೆಂದೂ ಇದ್ದಿಲ್ಲ, ಮತ್ತು ಅದನ್ನು ಮೈಮೇಲೆ ಎಳೆದುಕೊಂಡವನು ನಾನೇ.

ಕಲಿಕೆಗೆ ಊರಿನ ಮನೆಗಳಿಂದ ಆರುನೂರು ಕಾಯಿ ಎರವಲು ತಂದೆವು. ಒಂದನ್ನೂ ಒಡೆಯಕೂಡದು, ಅಟ್ಟಕ್ಕೆ ವಾಪಸು ಕೊಡಬೇಕು ಎಂಬ ಷರತ್ತಿತ್ತು. ಹಾಗಾಗಿ ಗಂಗಾಧರಪ್ಪನ ಕಿವಿಯೇ ಪ್ರಮಾಣ. ಜಗುಲಿಯಲ್ಲಿ ಕೂತು ಅವರು ಕಾಯಿಯನ್ನು ಕಿವಿಯ ಹತ್ತಿರ ಮೂರು ಸಲ ಕುಲುಕಿ ಹೇಳುತ್ತಿದ್ದರು, ನಾನು ಪುಸ್ತಕದಲ್ಲಿ ಬರೆಯುತ್ತಿದ್ದೆ. ಹೆಚ್ಚಿನ ಕಾಯಿಗಳದು ತಕರಾರಿಲ್ಲ. ಕೆಲವು ಕಾಯಿಗಳಲ್ಲಿ ಮಾತ್ರ ಅವರು ನಿಧಾನಿಸುತ್ತಿದ್ದರು. ಕೊಬ್ಬರಿ ಒಂದು ಕಡೆ ಬಿಟ್ಟುಕೊಂಡು ಇನ್ನೊಂದು ಕಡೆ ಹಿಡಿದಿದ್ದರೆ ಬಹಳ ಸಣ್ಣ ಸದ್ದು ಬರುತ್ತದಂತೆ. ಅಂಥ ಕಾಯಿಯನ್ನು ಒಬ್ಬರೇ ತೀರ್ಮಾನಿಸುವ ಪದ್ಧತಿ ಅಲ್ಲಿಲ್ಲ. ಪಕ್ಕದವರ ಕೈಗೆ ಕೊಡುತ್ತಾರೆ. ಪಕ್ಕದವರು ಅತಿಥಿಯಾದರೆ ಅತಿಥಿಯ ಮಾತೇ ಕೊನೆ, ಅದರ ಮೇಲೆ ಎದುರಾಡುವುದಿಲ್ಲ.

ಪಕ್ಕದಲ್ಲಿ ಕೂತವನು ನಾನು. "ನೀವೂ ಒಂದ್ಸಲ ಕೇಳ್ಬುಡಿ ಸಾ," ಎಂದು ಅವರು ಕೊಟ್ಟಾಗ ನಾನೂ ಗಂಭೀರವಾಗಿ ಮೂರು ಸಲ ಕುಲುಕುತ್ತಿದ್ದೆ. ನೀರಿನ ಸದ್ದು ಕೇಳಿಸುತ್ತಿರಲಿಲ್ಲ. ಬೇರೆ ಸದ್ದೂ ಕೇಳಿಸುತ್ತಿರಲಿಲ್ಲ. ಮೀಟಿಂಗಿನ ಅಭ್ಯಾಸ ಕೈಬಿಡಲಿಲ್ಲ, ತಲೆಯಾಡಿಸುತ್ತಿದ್ದೆ. ಪುಸ್ತಕದಲ್ಲಿ 'ಆಗಿದೆ' ಎಂದು ಬರೆದು, ನಾನು ಕೇಳಿದ್ದೆಂದು ಪಕ್ಕದಲ್ಲೊಂದು ಚುಕ್ಕೆ ಇಡುತ್ತಿದ್ದೆ.

ಮಾರ್ಚ್‌ನಲ್ಲಿ ಯಂತ್ರವನ್ನು ಹೊಸ ಕಾಯಿಗಳ ಮೇಲೆ ಪರೀಕ್ಷಿಸತೊಡಗಿದೆವು. ಅದು 'ಆಗಿದೆ' ಎಂದ ಕೆಲವು ಕಾಯಿಗಳನ್ನು ಗಂಗಾಧರಪ್ಪ ಮತ್ತೆ ಮತ್ತೆ ಕುಲುಕಿ ಮುಖ ಗಂಟಿಕ್ಕುತ್ತಿದ್ದರು. ಕೇಳಿದರೆ, ಮಿಷನ್ನೇ ಸರಿ ಇರಬಹುದು ಎಂದು ಸುಮ್ಮನಾಗುತ್ತಿದ್ದರು. ನಾನು ದೋಷವನ್ನು ಸೆಖೆಯ ಮೇಲೆ ಹಾಕಿದೆ. ಒಂದು ಡಿಗ್ರಿ ಬಿಸಿ ಏರಿದರೂ ಮೈಕ್ರೋ ರಿಂಗ್‌ನ ಹೊಂದಾಣಿಕೆ ಸರಿಯುತ್ತದೆ, ಇದು ನಿಜ. ಚಿಪ್‌ನ ಬಿಸಿಯನ್ನು ಒಂದೇ ಸಮ ಇಡಲು ಥರ್ಮಲ್ ಕಂಟ್ರೋಲರ್ ತರಿಸಿ ಹಾಕಿದೆ. ಬೆಳಗಿನ ತಂಪಿನಲ್ಲೂ ಅದೇ ಕಾಯಿಗಳಿಗೆ ಅದೇ ತೀರ್ಪು. ಅಷ್ಟಾದರೂ ಬೆಂಗಳೂರಿಗೆ ಕಳಿಸಿದ ವರದಿಯಲ್ಲಿ ಬರೆದದ್ದು ಸೆಖೆ ಎಂದೇ. ನನ್ನ ಕಿವಿ ಎಂದು ಬರೆಯಲು ಅಲ್ಲಿ ಕಾಲಂ ಇರಲಿಲ್ಲವಲ್ಲ!

ಏಪ್ರಿಲ್ ಕೊನೆಯ ವಾರ ಅಟ್ಟದ ಎಲ್ಲ ಕಡೆಯಿಂದ ಎಂಬತ್ತು ಕಾಯಿ ಆರಿಸಿ ಯಂತ್ರಕ್ಕೆ ಕೊಟ್ಟೆವು. ಎಲ್ಲದಕ್ಕೂ ಹಸಿರು ದೀಪ. ಮಾರನೆಯ ಬೆಳಿಗ್ಗೆ ಶಿವಮ್ಮ ಊದುಬತ್ತಿ ಹಚ್ಚಿದರು. ಒಡೆಯುವ ಹೆಂಗಸರು ಆರು ಜನ ಅಂಗಳದಲ್ಲಿ ಮಚ್ಚು ಹಿಡಿದು ಕೂತರು. ಗಂಗಾಧರಪ್ಪ ಅಟ್ಟದ ಬಡಗಣ ಮೂಲೆಯ ಒಂದು ಕಾಯಿ ಹಿಡಿದು ಇಳಿದು ಬಂದರು. ಕೆಳಗಿನ ಸೌದೆ ಒಲೆ ಹೋಗಿ ಗ್ಯಾಸ್ ಬಂದ ಮೇಲೆ ಆ ಮೂಲೆ ತಡವಾಗಿ ಒಣಗುತ್ತದೆ ಎಂದು ಅವರು ಹಿಂದೆಯೇ ಹೇಳಿದ್ದರು. ಮೂರಲ್ಲ, ಹತ್ತು ಸಲ ಕುಲುಕಿದರು. ಆಮೇಲೆ ನನ್ನ ಕಡೆ ಚಾಚಿದರು.

"ನನ್ ಕಿವಿ ನಂಬ್ಬೇಡಿ ಸಾ. ನೀವೇ ಕೇಳಿ ಹೇಳ್ಬುಡಿ."

ಕಾಯಿ ಕೈಗೆ ತೆಗೆದುಕೊಂಡೆ, ಕುಲುಕಲಿಲ್ಲ. ಪುಸ್ತಕ ತೆಗೆದು ಅವರು ನನಗೆ ಕೊಟ್ಟಿದ್ದ ಕಾಯಿಗಳನ್ನು ಎಣಿಸಿದೆ. ಅರವತ್ತಮೂರು. ಅರವತ್ತಮೂರರ ಮುಂದೆಯೂ 'ಆಗಿದೆ'. ಒಂದಾದರೂ ಇಲ್ಲ ಎಂದಿರಬೇಡವೇ? ಯಂತ್ರ ಕೆಟ್ಟಿರಲಿಲ್ಲ. ನನ್ನ ತಲೆಯಾಟವನ್ನು ಅದು ಚಾಚೂ ತಪ್ಪದೆ ಕಲಿತಿತ್ತು. ಆರು ಮಚ್ಚು ಕಾಯುತ್ತಿದ್ದವು, ಶಿವಮ್ಮ ನನ್ನ ಮುಖವನ್ನೇ ನೋಡುತ್ತಿದ್ದರು. ಹೆದರಿಕೆಗಿಂತ ನಾಚಿಕೆಯೇ ಹೆಚ್ಚಾಗಿತ್ತು.

"ನನಗೆ ಕಿವಿ ಕೇಳಿಸೋದಿಲ್ಲ," ಎಂದೆ. "ಕಾಯಿ ಸದ್ದು ಯಾವತ್ತೂ ಕೇಳಿಸಿಲ್ಲ. ಸುಮ್ಮನೆ ತಲೆಯಾಡಿಸಿದೆ."

ಶಿವಮ್ಮ ಕಾಯಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ಹೆಂಗಸೊಬ್ಬರ ಮಚ್ಚು ಪಡೆದು ಅದೊಂದನ್ನೇ ಸುಲಿದು ಒಡೆದರು. ಕೊಬ್ಬರಿ ಅರ್ಧ ಸುತ್ತು ಬಿಟ್ಟುಕೊಂಡಿತ್ತು. ಉಳಿದರ್ಧ ಚಿಪ್ಪಿಗೆ ಹಿಡಿದು, ಒತ್ತಿದರೆ ಬೆರಳಿಗೆ ತೇವ ತಾಗುತ್ತಿತ್ತು. ಆಕೆ ಅದನ್ನು ನನಗೆ ತೋರಿಸಲಿಲ್ಲ, ಗಂಗಾಧರಪ್ಪನಿಗೆ ತೋರಿಸಿ ಎಷ್ಟು ದಿನ ಬೇಕು ಎಂದು ಕೇಳಿದರು. ಇನ್ನು ನಲವತ್ತು ದಿನ ಎಂದರು ಅವರು. ಒಡೆಯುವವರು ಎದ್ದು ಹೋದರು.

ಗಂಗಾಧರಪ್ಪ ಜಗುಲಿಯ ಮೇಲೆ ನನ್ನ ಪಕ್ಕ ಕೂತರು. ಬೈಯುತ್ತಾರೆಂದು ಕಾದೆ, ಬೈದಿದ್ದರೆ ಹಗುರಾಗುತ್ತಿತ್ತು. ಅವರು ನನಗೆ ಕೇಳಿಸಲೆಂದು ಮುಖಕ್ಕೆ ಮುಖ ಕೊಟ್ಟು ನಿಧಾನವಾಗಿ ಹೇಳಿದರು.

"ನಿಮ್ಗೆ ಕೇಳ್ಸಿದ್ದು ನನ್ಗೆ ಕೇಳ್ಸ್ತಿಲ್ಲ, ನನ್ ಕಿವಿ ಹೋಯ್ತು ಅಂದ್ಕಂಡೆ ಕಣ್ರೀ. ನಾಕು ಅಟ್ಟದೋರ್ಗೆ ಇನ್ ಬರಲ್ಲ ಅಂತ ಹೇಳ್ಬುಟ್ಟೆ."

ಶಿವಮ್ಮ ಜೂನ್‌ನಲ್ಲಿ ಅಟ್ಟ ಬಿಚ್ಚಿದರು. ಕೊಬ್ಬರಿ ಉಂಡೆ ಉಂಡೆಯಾಗಿ ಬಂತು. ನಾನು ವರದಿ ತಿದ್ದಿ, ಇದ್ದದ್ದು ಇದ್ದ ಹಾಗೆ ಬರೆದೆ. ಕೇಂದ್ರದಲ್ಲಿ ಬೇಕಾದಷ್ಟು ಮಾತು ಬಂತು. ಹೊಸ ಹಿಯರಿಂಗ್ ಏಡ್ ಹಾಕಿಕೊಂಡಿದ್ದರಿಂದ ಅಷ್ಟೂ ಕೇಳಿಸಿತು. ಅನುಮಾನದ ಕಾಯಿಗಳನ್ನು ಗಂಗಾಧರಪ್ಪ ಒಬ್ಬರೇ ಕೇಳಿ ಹೇಳಿದರು, ಚಿಪ್‌ಗೆ ಹೊಸದಾಗಿ ಕಲಿಸಿದೆವು. ಪುಸ್ತಕದಲ್ಲಿ ಮೂರನೆಯ ಕಾಲಂ ಎಳೆದು ಮೇಲೆ 'ಗೊತ್ತಿಲ್ಲ' ಎಂದು ಬರೆದೆ. ಮೂವತ್ತನಾಲ್ಕು ವರ್ಷದ ಸರ್ವಿಸ್‌ನಲ್ಲಿ ನಾನು ಮಾಡಿದ ಉಪಯೋಗದ ಕೆಲಸ ಅದೊಂದೇ ಇರಬೇಕು. ಸುಮ್ಮನೆ ತಲೆಯಾಡಿಸಿದರೆ ಎದುರಿನವನು ತನ್ನನ್ನೇ ಅನುಮಾನಿಸಿಕೊಳ್ಳುತ್ತಾನೆ ಎಂಬುದನ್ನು ನನಗೆ ಕಲಿಸಿದ್ದು ಈ ಕೆಲಸ.

ಆ ನಾಲ್ಕು ಮನೆಗೂ ನಾನೇ ಹೋಗಿ ತಪ್ಪು ನನ್ನದೆಂದು ಹೇಳಿ ಬಂದೆ. ಮೂರು ಮನೆಯವರು ಗಂಗಾಧರಪ್ಪನನ್ನು ಮತ್ತೆ ಕರೆದರು. ದಬ್ಬೇಘಟ್ಟದ ಹಾದಿಯ ನಾಲ್ಕನೆಯ ಮನೆಯವರು ಕಾಫಿ ಕೊಟ್ಟು, ಈಗ ಬೇರೆಯವರನ್ನು ಗೊತ್ತುಮಾಡಿಕೊಂಡಿದ್ದೇವೆ ಎಂದರು. ಕಳೆದ ವರ್ಷ ನಾನೂ ಗಂಗಾಧರಪ್ಪನೂ ಬಸ್ಸಿನಲ್ಲಿ ಆ ಮನೆಯ ಮುಂದೆ ಹಾದು ಹೋದೆವು. ಅವರು ಕಿಟಕಿಯ ಕಡೆ ತಿರುಗಿ ಏನೋ ಅಂದರು. ಕೇಳಿಸಲಿಲ್ಲ ಎಂದೆ. ಅವರು ನನ್ನ ಕಡೆ ತಿರುಗಿ ಇನ್ನೊಂದು ಸಲ ಹೇಳಿದರು.

"ಹದ್ನೆಂಟು ವರ್ಷ ಕೇಳಿದ್ದೆ ಕಣ್ರೀ ಆ ಅಟ್ಟಾನ."