ಅಕ್ಕನ ಎಡಗೈಗೆ ಇಪ್ಪತ್ತು ಕೀ

"ಯಾವ ಗೇಮ್ ಆಡ್ತೀರಿ ಸರ್?"

ಕಲಬುರಗಿಯ ಕಂಪ್ಯೂಟರ್ ಅಂಗಡಿಯವರು ಹೀಗೆ ಕೇಳಿದಾಗ ನನ್ನ ವಯಸ್ಸು ಐವತ್ತೆರಡು, ಕೈಯಲ್ಲಿ ಸಂತೆ ಚೀಲ, ಚೀಲದಲ್ಲಿ ಎರಡು ಕಟ್ಟು ಮೆಂತ್ಯ ಪಲ್ಯ. ಸುತ್ತಲೂ ಕೆಂಪು, ನೀಲಿ, ಹಸಿರು ದೀಪ ಮಿನುಗಿಸುವ ಮೌಸು, ಕೀಬೋರ್ಡು. ಈ ವಯಸ್ಸಿಗೆ ಸುಳ್ಳು ಬೇಡ ಅನ್ನಿಸಿತು.

"ಲಗ್ನಪತ್ರಿಕಿ" ಅಂದೆ.

ಅವರು ನನ್ನ ಮುಖ ನೋಡಿದರು. ಅಂಥದೊಂದು ಹೊಸ ಗೇಮ್ ಬಂದಿರಬಹುದು ಅಂದುಕೊಂಡರೋ ಏನೋ, "ಅದು ನಮ್ಮಲ್ಲಿ ಇನ್ನಾ ಬಂದಿಲ್ರಿ" ಅಂದರು. ನಾನು ಪೂರ್ತಿ ಕಥೆ ಹೇಳಬೇಕಾಯಿತು. ನಿಮಗೂ ಹೇಳಿಬಿಡ್ತೀನಿ.

ನನ್ನ ಅಕ್ಕ ಮಹಾದೇವಿಯದು ಆಳಂದದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಒಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಗೃಹಪ್ರವೇಶ, ತೀರಿಹೋದವರ ಶಿವಗಣಾರಾಧನೆಯ ಕಾರ್ಡು, ತಹಶೀಲ್ ಕಚೇರಿಗೆ ಕೊಡೋ ಅರ್ಜಿ, ಎಲ್ಲಾ ಅವಳೇ ಟೈಪ್ ಮಾಡೋದು. ಟೈಪಿಂಗ್ ಈಗ ಯಾರಿಗೆ ಬರಲ್ಲ ಹೇಳಿ? ಆದರೂ ಮಟಕಿ, ನಿಂಬರ್ಗಾದ ಜನ ನಡುವಿನ ನಾಲ್ಕು ಅಂಗಡಿ ದಾಟಿ ಇವಳ ಹತ್ತಿರವೇ ಬರ್ತಾರೆ.

ಕಾರಣ ಇದೆ. ನಮ್ಮ ಕಡೆ ಲಗ್ನಪತ್ರಿಕೆಯಲ್ಲಿ ಮದುಮಕ್ಕಳ ಹೆಸರು ಎರಡೇ ಸಾಲು. ಬೀಗರು, ಬಂಧುಗಳ ಹೆಸರು ಇಡೀ ಪುಟ. ಯಾರ ಹೆಸರು ಮೇಲೆ, ಯಾರದು ಕೆಳಗೆ, ಯಾವ ಕಾಕಾನ ಪಕ್ಕಕ್ಕೆ ಯಾವ ಕಾಕಾ ಬರಕೂಡದು, ಯಾರ ಹೆಸರಿನ ಮುಂದೆ 'ಲಿಂ.' ಬರಬೇಕು (ತೀರಿಹೋದವರು ಲಿಂಗೈಕ್ಯರಾದರು ಅನ್ನೋ ಗುರುತು ಅದು), ಎಲ್ಲ ಅಕ್ಕನ ತಲೆಯಲ್ಲಿದೆ. ಮನೆಯವರು ಮರೆತರೂ ಅವಳು ಮರೆಯೋದಿಲ್ಲ.

ಅಂಥ ಅಕ್ಕನಿಗೆ ಆರು ತಿಂಗಳ ಹಿಂದೆ ಲಕ್ವಾ ಹೊಡೆಯಿತು. ಮಾತು ಒಂದು ತಿಂಗಳಲ್ಲಿ ಮರಳಿ ಬಂತು. ಕಾಲು ಎಳೆದುಕೊಂಡು ನಡೆಯೋ ಹಾಗಾಯಿತು. ಬಲಗೈ ಮಾತ್ರ ಬರಲಿಲ್ಲ.

ಎಲ್ಲರೂ ರೆಸ್ಟ್ ತಗೋ ಅಂದರು. ಎಲ್ಲರಿಗಿಂತ ಜೋರಾಗಿ ಅಂದವನು ನಾನು. ಜೇವರ್ಗಿಯಿಂದ (ಅಲ್ಲಿ ನಾನು ಕಾಲೇಜು ಮಾಸ್ತರು) ಪ್ರತಿ ರವಿವಾರ ಬಸ್ ಹತ್ತಿ ಹೋಗೋದು, ರೆಸ್ಟ್ ತಗೋ ಅನ್ನೋದು, ಊಟ ಮಾಡಿ ವಾಪಸ್ ಬರೋದು. ಇದಕ್ಕಿಂತ ಒಳ್ಳೆಯ ತಮ್ಮ ಇನ್ನೆಲ್ಲಿ ಸಿಗ್ತಾನೆ ಅನ್ನೋ ಧಿಮಾಕೂ ಒಳಗೊಳಗೆ ಇತ್ತು.

ಮಾಮಾ (ನಮ್ಮ ಕಡೆ ಅಕ್ಕನ ಗಂಡ ಮಾಮಾ) ಅಂಗಡಿಗೆ ಒಬ್ಬ ಆಪರೇಟರ್‌ನನ್ನು ಇಟ್ಟರು. ಆತ ಪಟಪಟ ಟೈಪ್ ಮಾಡ್ತಾನೆ. ಅಕ್ಕ ಪಕ್ಕದ ಕುರ್ಚಿಯಲ್ಲಿ ಕೂತು ಹೇಳಬೇಕು, ಆತ ಕೇಳಬೇಕು. ಹೇಳೋದೇನೋ ಅಕ್ಕ ಹೇಳುತ್ತಿದ್ದಳು. ಆತ ಕೇಳುತ್ತಿರಲಿಲ್ಲ.

ಒಂದು ದಿನ ಅಕ್ಕ ಚೆಕಪ್‌ಗೆ ಹೋದಾಗ ನಿಂಬರ್ಗಾದ ಮನೆಯೊಂದರ ಲಗ್ನಪತ್ರಿಕೆ ಪ್ರೆಸ್ಸಿಗೆ ಹೋಯಿತು. ಮದುಮಗಳ ಸೋದರಮಾವನ ಹೆಸರು ಕಾಕಾಗಳೆಲ್ಲ ಮುಗಿದ ಮೇಲೆ ಕೊನೆಗೆ ಎಲ್ಲೋ ಬಿದ್ದಿತ್ತು. ಅಫಜಲಪುರದ ಆ ಸೋದರಮಾವ ಪತ್ರಿಕೆ ನೋಡಿದವರೇ ಮಡಚಿ ವಾಪಸ್ ಕಳಿಸಿದರು. ಅಕ್ಕಿಕಾಳು ಬೀಳೋ ಹೊತ್ತಿಗೆ ಮದುಮಗಳ ಹಿಂದೆ ನಿಲ್ಲಬೇಕಾದವರು ಲಗ್ನಕ್ಕೇ ಬರಲಿಲ್ಲ.

ಹುಡುಗಿಯ ತಾಯಿ ಅಂಗಡಿಗೆ ಬಂದು ಅತ್ತಳಂತೆ. "ನೀವಿದ್ದೂ ಹಿಂಗಾತಲ್ರಿ ಅಕ್ಕೋರೇ" ಅಂದಳಂತೆ. ಆ ದಿನ ಸಂಜೆ ಮಾಮಾ, "ಸಾಕು ಬಿಡು. ಬರೋ ತಿಂಗಳು ಮಳಿಗಿ ಬಿಟ್ಟುಬಿಡೋಣು" ಅಂದರು. ಕೆಟ್ಟ ಮನಸ್ಸಿನಿಂದಲ್ಲ, ಹೆಂಡತಿ ಸೋತದ್ದನ್ನು ನೋಡಲಾಗದೆ.

ಅಕ್ಕ ನನಗೆ ಫೋನ್ ಮಾಡಿದಳು. "ತಮ್ಮಾ, ಅಂಗಡಿ ಹೋದ್ರ ನಾ ಏನು ಮಾಡ್ಲಿ? ದಿನಾ ಕಿಡಕ್ಯಾಗ ನೋಡ್ಕೋತ ಕೂಡ್ಲ್ಯಾ?"

ತಮ್ಮ ಅಂದಮೇಲೆ ಸುಮ್ಮನಿರಲಿಕ್ಕೆ ಆಗ್ತದೆಯೇ? ಮರುದಿನವೇ ಒಂದು ಕೀಬೋರ್ಡ್ ಕೊಂಡೆ. ಬದನೆಕಾಯಿ ಗಾತ್ರದ ಅಕ್ಷರ, ಹಳದಿ ಬಣ್ಣ, ಹತ್ತು ಅಡಿ ದೂರದಿಂದ ಓದಬಹುದು. ಅಕ್ಕ ಅದರ ಮುಂದೆ ಎಡಗೈ ಇಟ್ಟು ಕೂತಳು. ಒಂದು ಬೆರಳಿಂದ ಈ ತುದಿಯ ಶಿಫ್ಟ್ ಹಿಡಿದು, ಇನ್ನೊಂದನ್ನು ಆ ತುದಿಯ ಅಕ್ಷರದ ತನಕ ಚಾಚಬೇಕು. ಅಷ್ಟು ಉದ್ದದ ಕೈ ದೇವರು ಯಾರಿಗೆ ಕೊಟ್ಟಿದ್ದಾನೆ? ನಾಲ್ಕು ಸಾಲು ಮುಗಿಯೋದರಲ್ಲಿ ಭುಜ ಹಿಡಿದುಕೊಂಡಿತು.

"ಲೇ ತಮ್ಮಾ, ಇದು ಎರಡು ಕೈ ಇದ್ದವರಿಗಿ ಮಾಡಿದ್ದು. ಅಕ್ಷರ ದೊಡ್ಡವು ಮಾಡಿದ್ರ ನನಗ ಇನ್ನೊಂದು ಕೈ ಬರ್ತದೇನು? ನನ್ನ ಕಣ್ಣು ಚಲೋ ಅವ." ಇಷ್ಟು ಹೇಳಿ ಕೀಬೋರ್ಡನ್ನು ಡಬ್ಬಿಗೆ ಹಾಕಿ ನನ್ನ ಕೈಗೇ ಕೊಟ್ಟಳು.

ನನಗೆ ಸಿಟ್ಟು ಬಂತು. ಬರಲಾರದೇನು? ಇಷ್ಟು ಪ್ರೀತಿಯಿಂದ ತಂದರೆ ಹಿಂಗನ್ನೋದಾ? ಸೋಮವಾರ ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಗೊಣಗಿದೆ. ಫಿಜಿಕ್ಸಿನ ಖಾಜಾ ಸರ್ ಸುಮ್ಮನೆ ಕೇಳುತ್ತಿದ್ದರು. ನಲವತ್ತೆಂಟರ ಮನುಷ್ಯ, ಗಡ್ಡ, ಇಸ್ತ್ರಿ ಅಂಗಿ, ಕ್ಲಾಸಿನಲ್ಲಿ ಒಂದು ನಗು ಕಂಡವರಿಲ್ಲ. ಎಲ್ಲರೂ ಎದ್ದು ಹೋದ ಮೇಲೆ ಹತ್ತಿರ ಬಂದು ಕೂತರು.

"ಸರ್, ಒಂದು ಮಾತು ಹೇಳ್ತೀನ್ರಿ. ಪ್ರಿನ್ಸಿಪಾಲರಿಗಿ ಗೊತ್ತಾಗಬಾರದು."

ಅವರು ದಿನಾ ಸಂಜೆ ಅರ್ಧ ತಾಸು ಕಂಪ್ಯೂಟರಿನಲ್ಲಿ ಗೇಮ್ ಆಡ್ತಾರಂತೆ. ಬಂದೂಕಿನ ಆಟ. ಅದಕ್ಕೆ ಅಂತಲೇ ಒಂದು ಕೀಪ್ಯಾಡ್ ಇಟ್ಟುಕೊಂಡಿದ್ದಾರಂತೆ. ಮರುದಿನ ಊಟದ ಡಬ್ಬಿಯ ಚೀಲದಲ್ಲಿ ಅದನ್ನು ಮುಚ್ಚಿಟ್ಟುಕೊಂಡು ತಂದರು. ಅಂಗೈ ಊರುವಷ್ಟೇ ಜಾಗ, ಅದರ ಸುತ್ತ ಇಪ್ಪತ್ತು ಕೀ. ಎಡಗೈಗೆ ಅಂತಲೇ ಮಾಡಿದ್ದು, ಯಾಕಂದರೆ ಆಡುವವರ ಬಲಗೈ ಮೌಸಿನ ಮೇಲಿರ್ತದೆ. ಬೆರಳು ಎಲ್ಲಿಗೂ ಓಡಬೇಕಿಲ್ಲ. ಯಾವ ಕೀ ಏನು ಮಾಡಬೇಕು ಅಂತ ನಾವೇ ಹೇಳಿಕೊಡಬಹುದು. ಒಂದು ಕೀ ಒತ್ತಿ ಹಿಡಿದರೆ ಉಳಿದವುಗಳ ಕೆಲಸವೇ ಬದಲಾಗ್ತದೆ, ಹಾಗಾಗಿ ಇಪ್ಪತ್ತರಲ್ಲೇ ಎಲ್ಲ ಅಕ್ಷರವೂ ಕೂತುಕೊಳ್ತವೆ. ಒಂದು ಕೀಗೆ ಪೂರಾ ಒಂದು ಸಾಲನ್ನೂ ತುಂಬಿಸಿಡಬಹುದು.

ಆಮೇಲೆ ನಾನು ಆ ಅಂಗಡಿಗೆ ಹೋದದ್ದು, ಮೆಂತ್ಯ ಪಲ್ಯದ ಸಮೇತ.

ಅಂಗಡಿಯವರು ಕಥೆ ಕೇಳಿ, "ಸಾದಾ ಕೀಬೋರ್ಡ್ ಸಾಕಲ್ರಿ ಸರ್, ಇದು ಸ್ಪೆಷಲ್ ಐಟಂ" ಅಂದರು. ನಾವೆಲ್ಲ ಹೀಗೇ ಅಲ್ಲವಾ? ಸ್ಪೆಷಲ್ ಅಂದ ತಕ್ಷಣ ಶೋಕಿ ಅನ್ನಿಸಿಬಿಡ್ತದೆ. ನನ್ನ ಮೂಗಿನ ಮೇಲಿರೋ ಚಾಳೀಸು ನನ್ನ ಕಣ್ಣಿಗೆ ಮಾತ್ರ ಮಾಡಿದ್ದು, ನೀವು ಹಾಕಿಕೊಂಡರೆ ತಲೆ ತಿರುಗ್ತದೆ. ಅದನ್ನು ಯಾರೂ ಶೋಕಿ ಅನ್ನಲ್ಲ. ಕೈಗೆ ಬಂದಾಗ ಮಾತ್ರ ಎಲ್ಲರಿಗೂ ಸಾಲುವುದು ನಿನಗೂ ಸಾಲಬೇಕು ಅಂತೀವಿ. ಎರಡು ಕೈ ಇದ್ದವರೇ 'ಎಲ್ಲರೂ' ಅಂತ ಯಾವಾಗ ಠರಾವು ಪಾಸಾಯಿತೋ ಗೊತ್ತಿಲ್ಲ.

ರವಿವಾರ ಖಾಜಾ ಸರ್ ತಾವೇ ನನ್ನ ಜೊತೆ ಆಳಂದಕ್ಕೆ ಬಂದರು. ನಾನು ಕೊಂಡ ಕೀಪ್ಯಾಡನ್ನು ಅಕ್ಕನ ಮುಂದಿಟ್ಟು, ಅವಳ ಎಡಗೈ ತಾನಾಗಿಯೇ ಅದರ ಮೇಲೆ ಕೂರೋ ತನಕ ಸುಮ್ಮನಿದ್ದರು. ಆಮೇಲೆ ಕೇಳಿದರು: "ಅಕ್ಕಾ, ದಿನಾ ಜಾಸ್ತಿ ಬರಿಯೋ ಮಾತು ಯಾವ್ಯಾವ ಹೇಳ್ರಿ."

ಐದು ತಿಂಗಳಲ್ಲಿ ನಾನು ಅಕ್ಕನನ್ನು ಏನೆಲ್ಲ ಕೇಳಿದ್ದೆ. ಗುಳಿಗೆ ತಗೊಂಡೆಯಾ, ನಿದ್ದೆ ಬಂತಾ, ಬಿಪಿ ಎಷ್ಟಿದೆ. ನಿನ್ನ ಕೆಲಸ ಹೇಗೆ ಮಾಡ್ತೀಯ ಅಂತ ಒಂದು ಸಲವೂ ಕೇಳಿರಲಿಲ್ಲ. ಅಕ್ಕನ ಮುಖ ಅವತ್ತು ಬೇರೆಯೇ ಆಯಿತು. ಪಟಪಟ ಹೇಳಿದಳು: ಚಿ., ಕುಂ.ಸೌ., ಶ್ರೀಮತಿ, ಲಿಂ., ಸುಪುತ್ರಿ, ತಾ॥ ಆಳಂದ, ಜಿ॥ ಕಲಬುರಗಿ.

"ನನ್ನ ಆಟದಾಗ ಇದು ಗುಂಡು ಹೊಡಿಯೋ ಕೀ ಅಕ್ಕಾ."

"ಅಲ್ಲಿ ಮದುಮಗಳ ಕುಂ.ಸೌ. ಇಡ್ರಿ" ಅಂದಳು ಅಕ್ಕ. ಖಾಜಾ ಸರ್ ನಕ್ಕಿದ್ದನ್ನು ನಾನು ಮೊದಲ ಸಲ ನೋಡಿದ್ದು ಆಗಲೇ.

ಹೆಬ್ಬೆರಳ ಕೆಳಗಿನ ಕೀ ಉಳಿಯಿತು. ಎಲ್ಲಕ್ಕಿಂತ ಹತ್ತಿರದ್ದು ಅದೇ. ಅದಕ್ಕೇನು ಇಡೋಣ ಅಂದರು.

"ಅಳಸೂದು ಇಡ್ರಿ. ಐದು ತಿಂಗಳಾತು, ಎಲ್ಲಾರೂ ನನ್ನ ತಪ್ಪು ತಿದ್ದಾಕತ್ತಾರ. ಇನ್ನ ಮ್ಯಾಲ ನನ್ನ ತಪ್ಪು ನಾನೇ ಅಳಸ್ಕೋತೇನಿ."

ಮಾಮಾ ಚಹಾ ಹೇಳಿ ಬರ್ತೀನಿ ಅಂತ ಎದ್ದು ಹೋದರು. ಚಹಾ ಆಗಲೇ ಬಂದು ಅವರ ಮುಂದೆಯೇ ಇತ್ತು.

ಮೊದಲ ದಿನ ಒಂದು ಹೆಸರಿಗೆ ಹತ್ತು ನಿಮಿಷ ಹಿಡಿಯಿತಂತೆ. ದಿನಾ ಫೋನಿನಲ್ಲಿ ವರದಿ ಬರುತ್ತಿತ್ತು. ಇವತ್ತು ಆರು ಸಾಲು, ಇವತ್ತು ಅರ್ಧ ಪತ್ರಿಕೆ, ಇವತ್ತು ಬೆರಳು ನೋವು ಏನೂ ಕೇಳಬೇಡ. ಮಾಮಾ ಮಾತ್ರ ಮಳಿಗೆ ಬಿಡುವ ಮಾತನ್ನು ವಾಪಸ್ ತಗೊಂಡಿರಲಿಲ್ಲ. ತಿಂಗಳು ಮುಗಿಯಲಿಕ್ಕೆ ಬಂದಿತ್ತು.

ಹೋದ ರವಿವಾರ ನಾನು ಅಂಗಡಿಯಲ್ಲೇ ಇದ್ದೆ. ಮಟಕಿಯ ಬಸಣ್ಣ ಮಗಳ ಲಗ್ನಪತ್ರಿಕೆ ಮಾಡಿಸಲಿಕ್ಕೆ ಬಂದರು. ನೋಟ್‌ಬುಕ್ಕಿನ ಹಾಳೆಯಲ್ಲಿ ತಾವೇ ಎಲ್ಲ ಬರೆದು ತಂದಿದ್ದರು. ಮಾಮಾ ಅದನ್ನು ಆಪರೇಟರ್ ಕಡೆ ಚಾಚಿದರು. "ಇಲ್ಲಿ ಕೊಡ್ರಿ" ಅಂದಳು ಅಕ್ಕ.

ನಿಧಾನಕ್ಕೆ ಟೈಪ್ ಮಾಡುತ್ತಾ ಹೋದಳು. ಮದುಮಗಳ ಸಾಲಿಗೆ ಬಂದು ನಿಂತಳು. 'ಶ್ರೀಮತಿ ಶಾಂತಾಬಾಯಿ ಹಾಗೂ ಶ್ರೀ ಬಸಣ್ಣ ಇವರ ಸುಪುತ್ರಿ' ಅಂತಿತ್ತು ಹಾಳೆಯಲ್ಲಿ. ಶಾಂತಾಬಾಯಿ ತೀರಿಹೋಗಿ ಒಂದು ವರ್ಷ. ಆಕೆಯ ಶಿವಗಣಾರಾಧನೆಯ ಕಾರ್ಡು ಟೈಪ್ ಮಾಡಿದವಳೇ ಅಕ್ಕ. ಹೆಸರಿನ ಮುಂದೆ 'ಲಿಂ.' ಇರಲಿಲ್ಲ.

ಆಪರೇಟರ್ ಆಗಿದ್ದರೆ ಇದ್ದದ್ದನ್ನು ಇದ್ದಹಾಗೆ ಹೊಡೆದು ಪ್ರೆಸ್ಸಿಗೆ ಕಳಿಸುತ್ತಿದ್ದ. ನಾನಾಗಿದ್ದರೆ, ಮಾಸ್ತರನಲ್ಲವಾ, ತಪ್ಪು ಬರೆದೀರಿ ಅಂತ ಎಲ್ಲರೆದುರು ಹೇಳುತ್ತಿದ್ದೆ. ಅಕ್ಕ ದನಿ ಇಳಿಸಿದಳು. "ಅಣ್ಣಾ, ವೈನಿ ಹೆಸರಿನ ಮುಂದ..." ಅಂದು ಅಷ್ಟಕ್ಕೇ ಬಿಟ್ಟಳು.

ಬಸಣ್ಣ ನೆಲ ನೋಡಿದರು. "ಗೊತ್ತದರಿ ಅಕ್ಕೋರೇ. ಮೂರು ಸಲ ಬರಿಲಾಕ ಕೂತೆ. ಆಗಲಿಲ್ಲ ನನಗ. ನೀವೇ ಹಚ್ಚಿಬಿಡ್ರಿ."

"ಇರ್ಲಿ, ಕೂಡ್ರಿ. ಉಳದದ್ದೆಲ್ಲ ಮುಗಸ್ತೇನಿ. ಅದನ್ನ ಕಡೀಕ ಹಚ್ಚೋಣು."

ಸೋದರಮಾವಂದಿರು, ಕಾಕಾಗಳು, ಬೀಗರು, ಎಲ್ಲರೂ ತಮ್ಮ ತಮ್ಮ ಜಾಗದಲ್ಲಿ ಬಂದು ಕೂತರು. ನಡುವೆ ಎರಡು ಸಲ ತಪ್ಪಿದಳು, ಎರಡು ಸಲವೂ ಹೆಬ್ಬೆರಳಿಂದ ತಾನೇ ಅಳಿಸಿದಳು. ಎಲ್ಲ ಮುಗಿದ ಮೇಲೆ ಬಸಣ್ಣನ ಕಡೆ ತಿರುಗಿ, "ಹಚ್ಚಲ್ರಿ ಅಣ್ಣಾ?" ಅಂದಳು. ಅವರು ತಲೆಯಾಡಿಸಿದರು. ಅಕ್ಕ ಒಂದು ಕೀ ಒತ್ತಿದಳು. ಬಸಣ್ಣ ಆ ಸಾಲನ್ನು ಬಹಳ ಹೊತ್ತು ಓದಿದರು, ಆಮೇಲೆ ಟವೆಲಿನಿಂದ ಮುಖ ಒರೆಸಿಕೊಂಡು "ಛಂದ ಆಗ್ಯಾದ್ರಿ" ಅಂದರು.

ನನಗೆ ಅಳು ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಮಾಮಾ ಹೊರಗೆ ಹೋಗಿ ಮಳಿಗೆಯ ಮಾಲೀಕರಿಗೆ ಫೋನ್ ಹಚ್ಚಿದರು. "ಇಲ್ರಿ, ಬಿಡೂದಿಲ್ರಿ. ನಮ್ಮಾಕಿ ಕೂತಾಳ" ಅನ್ನೋದು ಒಳಗೂ ಕೇಳಿಸಿತು. ಅಕ್ಕ ಕೇಳದವಳ ಹಾಗೆ ಮುಂದಿನ ಹಾಳೆ ಎತ್ತಿಕೊಂಡಳು.

ಇಂಥವಳನ್ನು ಐದು ತಿಂಗಳು ಸುಮ್ಮನೆ ಕೂಡಿಸಿದ ನನ್ನಂಥ ಪ್ರೀತಿಯ ತಮ್ಮಂದಿರಿಂದ ಅಕ್ಕಂದಿರನ್ನು ಕಾಪಾಡೋರು ಯಾರು?