ಕ್ಯಾಶ್ ಬಿಲ್ಲು ನಡೆಯುವುದಿಲ್ಲ

ಜನವರಿ ಬಂತೆಂದರೆ ಆಫೀಸಿನಲ್ಲಿ ನನ್ನ ಮೇಜಿನ ಮುಂದೆ ಭಕ್ತರ ಸಾಲು ನಿಲ್ಲುತ್ತಿತ್ತು. ತೆರಿಗೆ ವಿನಾಯಿತಿಯ ದಾಖಲೆಗಳನ್ನು ಅಕೌಂಟ್ಸ್ ವಿಭಾಗಕ್ಕೆ ಒಪ್ಪಿಸಬೇಕಾದ ತಿಂಗಳು ಅದು. ಪಿಪಿಎಫ್‌ಗೆ ಹಾಕುವ ಹಣವನ್ನು ಐದನೇ ತಾರೀಖಿನೊಳಗೆ ಹಾಕಿ, ಇಲ್ಲದಿದ್ದರೆ ಆ ತಿಂಗಳ ಬಡ್ಡಿ ಹೋಯಿತು. ಮಾರ್ಚ್ ಕೊನೆಯಲ್ಲಿ ಗಾಬರಿಬಿದ್ದು ಪಾಲಿಸಿ ಮಾಡಿಸಬೇಡಿ. ಮಕ್ಕಳ ಫೀಸಿನಲ್ಲಿ ಟ್ಯೂಷನ್ ಫೀ ಎಷ್ಟೆಂದು ಬೇರೆಯಾಗಿ ಬರೆಸಿಕೊಳ್ಳಿ. ಹೀಗೆ ಉಪದೇಶ ನಡೆಯುತ್ತಿತ್ತು. ಹೆಂಡತಿ ಮಕ್ಕಳಿಲ್ಲದ ನಾನು ಊರವರ ಮಕ್ಕಳ ಫೀಸಿಗೆ ಅಷ್ಟು ತಲೆ ಕೆಡಿಸಿಕೊಳ್ಳುವುದನ್ನು ನಿಷ್ಕಾಮ ಕರ್ಮವೆಂದೇ ಭಾವಿಸಿದ್ದೆ.

ನನ್ನ ಪ್ರಯೋಗಶಾಲೆ ಬಸವೇಶ್ವರನಗರದ ನಮ್ಮ ಮನೆ. ಅಲ್ಲಿದ್ದವರು ಅಮ್ಮ ಮತ್ತು ನಾನು, ಇಬ್ಬರೇ. ಮನೆ ಅಮ್ಮನ ಹೆಸರಿನಲ್ಲಿತ್ತಾದ್ದರಿಂದ ನಾನು ಅವಳಿಗೆ ಬಾಡಿಗೆ ಕಟ್ಟುತ್ತಿದ್ದೆ. ಸಂಬಳದಲ್ಲಿನ ಮನೆ ಬಾಡಿಗೆ ಭತ್ಯೆಗೆ ವಿನಾಯಿತಿ ಸಿಗುತ್ತಿತ್ತು. ಸ್ಟಾಂಪ್ ಪೇಪರಿನ ಕರಾರು, ಬ್ಯಾಂಕಿನ ಮೂಲಕವೇ ಹಣ, ತಿಂಗಳಿಗೊಂದು ರಸೀದಿ, ಅವಳ ಹೆಸರಿನಲ್ಲಿ ಬೇರೆ ರಿಟರ್ನ್, ಎಲ್ಲವೂ ಶಾಸ್ತ್ರೋಕ್ತ.

"ಬಾಡಿಗೆದಾರ್ರೇ, ಬಚ್ಚಲು ಲೈಟು ಆರಿಸದೇ ಬಂದಿದೀರಿ," ಎನ್ನುವಳು.

"ಕರೆಂಟ್ ಬಿಲ್ಲು ನಂದೇ ಅಂತ ಕರಾರಲ್ಲಿ ಇದೆ, ಓನರಮ್ಮ."

"ಜಾಸ್ತಿ ಮಾತಾಡಿದ್ರೆ ಖಾಲಿ ಮಾಡಿಸ್ತೀನಿ ನೋಡು. ಮದುವೆ ಆಗದೋರಿಗೆ ಈ ರಸ್ತೇಲಿ ಇನ್ಯಾರೂ ಮನೆ ಕೊಡಲ್ಲ ಕಣೋ."

ಎಪ್ಪತ್ತು ದಾಟಿದ್ದ ಅವಳಿಗೆ ಬಿಪಿ ಇತ್ತು, ಆರೋಗ್ಯ ವಿಮೆ ಇರಲಿಲ್ಲ. ವಿಮೆಯಿಲ್ಲದ ಹಿರಿಯ ತಂದೆತಾಯಿಯ ಚಿಕಿತ್ಸೆಗೆ ಮಕ್ಕಳು ಮಾಡಿದ ಖರ್ಚನ್ನು ಹಳೆಯ ತೆರಿಗೆ ಪದ್ಧತಿಯಲ್ಲಿ ಐವತ್ತು ಸಾವಿರದವರೆಗೆ ಆದಾಯದಿಂದ ಕಳೆಯಬಹುದು. ಷರತ್ತೆಂದರೆ ನಗದು ಕೊಟ್ಟಿರಬಾರದು. ಅಮ್ಮ, ತೀರಿಹೋದ ಅಪ್ಪನ ಪೆನ್ಷನ್ನಿನಿಂದ, ನಗದು ಕೊಟ್ಟೇ ಮಾತ್ರೆ ತರುತ್ತಿದ್ದಳು. ಒಂದು ಮಾರ್ಚಿನಲ್ಲಿ, ನನಗೆ ಉಪಕಾರವಾಗಲೆಂದು, ಪಿನ್ನು ಚುಚ್ಚಿಟ್ಟಿದ್ದ ಹನ್ನೊಂದು ಬಿಲ್ಲುಗಳನ್ನು ಕೈಗಿತ್ತಳು.

"ಕ್ಯಾಶ್ ಬಿಲ್ಲು ನಡೆಯಲ್ಲಮ್ಮ. ಎಲ್ಲಾ ವೇಸ್ಟು."

"ಮಾತ್ರೆ ನುಂಗಿದೀನಲ್ಲೋ. ವೇಸ್ಟು ಹೆಂಗಾಗುತ್ತೆ?"

"ನುಂಗಿದ್ದು ಇಲಾಖೆಗೆ ಲೆಕ್ಕ ಇಲ್ಲ. ದುಡ್ಡು ನನ್ನ ಫೋನಿಂದ ಹೋಗಬೇಕು. ಇನ್ಮೇಲೆ ಅಂಗಡೀಲಿ ಒಂದು ರೂಪಾಯೀನೂ ಕ್ಯಾಶ್ ಕೊಡಬೇಡ."

ಕಾಲು ಗಂಟೆ ಪಾಠ ಮಾಡಿದೆ. ಕೊನೆಗೆ ಅವಳು, "ಆಯ್ತು ಬಿಡಪ್ಪ. ನನ್ನಿಂದ ನಿಂಗೆ ನಷ್ಟ ಆಗೋದು ಬೇಡ," ಎಂದಳು.

ಅಲ್ಲಿಂದಾಚೆಗೆ ತಿಂಗಳಿಗೊಮ್ಮೆ ಇಬ್ಬರೂ ಮೆಡಿಕಲ್ ಶಾಪಿಗೆ ಹೋಗುತ್ತಿದ್ದೆವು. ನಾನು ಕೌಂಟರಿನ ಮೇಲಿದ್ದ ಕ್ಯೂಆರ್ ಚೌಕದ ಫಲಕಕ್ಕೆ ಫೋನು ಹಿಡಿಯುತ್ತಿದ್ದೆ. ಹಣ ಬಂತೆಂದು ಡಬ್ಬಿ ಕೂಗುತ್ತಿತ್ತು. ಅಮ್ಮ ಅದರತ್ತ ತಲೆಯಾಡಿಸಿ, ಮಾತ್ರೆಯ ಪೊಟ್ಟಣವನ್ನು ಬ್ಯಾಗಿಗೆ ಹಾಕಿಕೊಳ್ಳುತ್ತಿದ್ದಳು.

ಮರುವರ್ಷ ಅಕ್ಟೋಬರಿನಲ್ಲಿ ಹುಬ್ಬಳ್ಳಿ ಶಾಖೆಯ ಆಡಿಟ್ಟಿಗೆ ನನ್ನನ್ನು ಹನ್ನೆರಡು ದಿನ ಕಳಿಸಿದರು. ಅಮ್ಮ ದಿನಾ ಸಂಜೆ ಫೋನು ಮಾಡುತ್ತಿದ್ದಳು. ಊಟ ತಿಂಡಿಯ ವಿಚಾರಣೆ ಮುಗಿದ ಮೇಲೆ, "ಯಾವಾಗ ಬರ್ತೀಯೋ?" ಎನ್ನುತ್ತಿದ್ದಳು. ಎಂದೂ ಹಾಗೆ ಕೇಳಿದವಳಲ್ಲ. ವಯಸ್ಸಾಯಿತು, ಮಗನ ಮೇಲೆ ಮಮತೆ ಹೆಚ್ಚಾಗಿದೆ ಎಂದುಕೊಂಡು ಒಳಗೊಳಗೇ ಹಿಗ್ಗಿದೆ.

"ಈ ತಿಂಗಳ ಬಾಡಿಗೆ ತಪ್ಪಿಸಲ್ಲ, ಹೆದರಬೇಡ," ಎಂದೆ.

ಅವಳು ನಕ್ಕಳು. ಹನ್ನೊಂದನೆಯ ದಿನ ಪಕ್ಕದ ಮನೆಯವರು ಫೋನು ಮಾಡಿದರು. ಅಮ್ಮ ಅಡುಗೆಮನೆಯಲ್ಲಿ ಬಿದ್ದಿದ್ದಳು. ಮೆದುಳಿನಲ್ಲಿ ರಕ್ತಸ್ರಾವ. ರಾಜಾಜಿನಗರದ ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದಳು. ಮಾತು ಬರಲಿಲ್ಲ. ಬಿಪಿ ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದರಾ ಎಂದು ಡಾಕ್ಟರು ಕೇಳಿದಾಗ, ಒಂದು ದಿನವೂ ತಪ್ಪಿಸಿದವರಲ್ಲ ಎಂದು ಹೆಮ್ಮೆಯಿಂದಲೇ ಹೇಳಿದೆ.

ವೈಕುಂಠ ಸಮಾರಾಧನೆಯೆಲ್ಲ ಮುಗಿದ ಮೇಲೆ ತಲೆನೋವಿನ ಮಾತ್ರೆಗೆಂದು ಅದೇ ಶಾಪಿಗೆ ಹೋದೆ. ಅಂಗಡಿಯವನು ಮಾತ್ರೆ ಕೊಡುತ್ತಾ ಹೇಳಿದ.

"ನೀವು ಊರಲ್ಲಿ ಇಲ್ಲದಾಗ ಅಮ್ಮ ಎರಡು ಸಲ ಬಂದಿದ್ರು ಸಾರ್. ಮಾತ್ರೆ ಖಾಲಿ ಆಗಿದೆ, ಮಗ ಇನ್ನೂ ಊರಿಂದ ಬಂದಿಲ್ಲ ಕಣಪ್ಪ, ಅಂದ್ರು. ತಗೊಂಡು ಹೋಗಿ ಆಂಟಿ ಅಂದೆ. ದುಡ್ಡು ಕೈಯಲ್ಲೇ ಇತ್ತು ಸಾರ್. ಕ್ಯಾಶ್ ಕೊಟ್ರೆ ಅವನಿಗೆ ನಷ್ಟ ಆಗುತ್ತೆ, ಫೋನು ಅವನ ಹತ್ರಾನೇ ಇದೆ, ಅವನು ಬಂದು ಇಲ್ಲಿ ಹಿಡಿದ್ರೆ ತಾನೆ ಆಗೋದು, ಅಂದ್ರು. ಸಾಲ ಅಂತಾದ್ರೂ ತಗೊಳ್ಳಿ ಅಂದೆ. ಒಪ್ಪಲಿಲ್ಲ."

ಹುಬ್ಬಳ್ಳಿಯ ಲಾಡ್ಜಿನ ಮಂಚದ ಮೇಲೆ ಮಲಗಿಕೊಂಡೇ ನಾನು ಆ ಹಣ ಕಳಿಸಬಹುದಿತ್ತು. ಫೋನು ಫಲಕದ ಮುಂದೆಯೇ ಬಂದು ನಿಲ್ಲಬೇಕಾಗಿಲ್ಲ ಎಂದು ನಾನು ಅವಳಿಗೆ ಹೇಳಿರಲಿಲ್ಲ. ಕಾಲು ಗಂಟೆಯ ಪಾಠದಲ್ಲಿ ಅದೊಂದು ಬಿಟ್ಟುಹೋಗಿತ್ತು.

ಒಂದು ತಿಂಗಳ ಮಾತ್ರೆಗೆ ನಾನೂರ ಅರವತ್ತು ರೂಪಾಯಿ. ನನ್ನ ತೆರಿಗೆಯ ದರಕ್ಕೆ, ಸೆಸ್ಸೂ ಸೇರಿ, ಉಳಿಯುತ್ತಿದ್ದುದು ತೊಂಬತ್ತಾರು ರೂಪಾಯಿ. ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾ ಮನೆಗೆ ಬಂದೆ. ಅಭ್ಯಾಸ.

ಜುಲೈನಲ್ಲಿ ರಿಟರ್ನ್ ತುಂಬಲು ಕುಳಿತೆ. ಆಸ್ಪತ್ರೆಗೆ ಕಾರ್ಡಿನಿಂದಲೇ ಕಟ್ಟಿದ್ದೆ. ಎರಡನೆಯ ದಿನಕ್ಕೇ ಐವತ್ತು ಸಾವಿರದ ಮಿತಿ ದಾಟಿತ್ತು. ಅಷ್ಟು ವರ್ಷಗಳಲ್ಲಿ ಆ ಖಾನೆ ಪೂರ್ತಿ ತುಂಬಿದ್ದು ಅದೇ ಮೊದಲು. ಖಾಲಿ ಬಿಟ್ಟುಬಿಡೋಣವೆನ್ನಿಸಿತು. ಅವಳು ಕಾದು ಕುಳಿತದ್ದೇ ಈ ಖಾನೆಗಾಗಿ ಎಂಬುದು ನೆನಪಾಗಿ ಬರೆದೆ. ರಿಫಂಡ್ ಬಂತು. ಅದನ್ನು ಮುಟ್ಟಿಲ್ಲ.

ಈಗ ಮನೆ ನನ್ನದೇ. ಬಾಡಿಗೆ ಕಟ್ಟಲು ಯಾರೂ ಇಲ್ಲ. ಕಳೆಯುವುದಕ್ಕೆ ಹೆಚ್ಚೇನೂ ಉಳಿದಿಲ್ಲವಾದ್ದರಿಂದ ಹೊಸ ಪದ್ಧತಿಗೆ ಸೇರಿದ್ದೇನೆ. ಬಹುಪಾಲು ಭಕ್ತರೂ ಅದಕ್ಕೇ ಮತಾಂತರಗೊಂಡಿದ್ದಾರೆ. ಹೋದ ಜನವರಿಯಲ್ಲಿ ಹಳೆಯ ಪದ್ಧತಿಯಲ್ಲೇ ಇರುವ ಹುಡುಗಿಯೊಬ್ಬಳು ಬಿಲ್ಲುಗಳ ಕಟ್ಟು ಹಿಡಿದು ಬಂದಳು. ಕೆಂಗೇರಿಯಿಂದ ಬರುವವಳು, ಮನೆಯಲ್ಲಿ ಅಪ್ಪನಿಗೆ ಸಕ್ಕರೆ ಕಾಯಿಲೆ.

"ಎಷ್ಟು ಹೇಳಿದ್ರೂ ಕ್ಯಾಶ್ ಕೊಟ್ಟೇ ಔಷಧಿ ತರ್ತಾರೆ ಸಾರ್. ನೀವು ಹೇಳಿದ್ರೆ ಕೇಳ್ತಾರೇನೋ, ಫೋನ್ ಮಾಡಿಕೊಡ್ಲಾ?"

"ಬೇಡ. ಕ್ಯಾಶೇ ಕೊಡ್ಲಿ ಬಿಡಮ್ಮ."

"ಡಿಡಕ್ಷನ್ ಹೋಗುತ್ತಲ್ಲ ಸಾರ್?"

"ಹೋಗ್ಲಿ," ಎಂದೆ. ಅವಳು ಬಿಲ್ಲುಗಳನ್ನು ಮಡಿಸಿಕೊಂಡು ಹೋದಳು. ಪಕ್ಕದ ಮೇಜಿನವನ ಹತ್ತಿರ ಇನ್ನೊಮ್ಮೆ ಕೇಳಿಕೊಂಡಳೆಂದು ಆಮೇಲೆ ತಿಳಿಯಿತು.